ಮುನಿತಾಯಮ್ಮನ ಹೇಳಿಕೆ

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆಯನ್ನು ಆಂಜಿನಪ್ಪ ಊರಿನವರಿಗೆಲ್ಲ ಹೇಳಿಕೊಂಡು ತಿರುಗಿದವನೇ. ಅದು ತನ್ನ ಮನೆಯ ಜಗಲಿಗೇ ಬಂದು ಕೂರುತ್ತದೆ ಅಂತ ಮಾತ್ರ ಅವನು ಎಣಿಸಿರಲಿಲ್ಲ.

ಮಗಳು ಸಂಘಮಿತ್ರ ಸರ್ಕಾರಿ ಕೆಲಸದ ಆಯ್ಕೆ ಪಟ್ಟಿಗೆ ಬಂದಿದ್ದಳು. ದ್ವಿತೀಯ ದರ್ಜೆ ಸಹಾಯಕಿ. ಎರಡು ಸಲ ಪರೀಕ್ಷೆ ಬರೆದು ಸೋತು, ಮೂರನೆಯ ಸಲಕ್ಕೆ ದಕ್ಕಿದ್ದು. ನಂದಗುಡಿ ಹೋಬಳಿಯ ಆ ಊರಿನ ಕಾಲೋನಿಯಿಂದ ಸರ್ಕಾರಿ ಕುರ್ಚಿಯಲ್ಲಿ ಕೂರುವ ಮೊದಲ ಹೆಣ್ಣು ಅವಳೇ. ಇಪ್ಪತ್ತು ವರ್ಷದಿಂದ ಪಂಚಾಯಿತಿಯ ನೀರುಗಂಟಿಯಾಗಿ ಊರಿನ ನಲ್ಲಿಗಳಿಗೆ ನೀರು ಬಿಡುತ್ತಿದ್ದ ಆಂಜಿನಪ್ಪ, ಪಟ್ಟಿ ಬಂದ ದಿನ ಎಲ್ಲ ಬೀದಿಗೂ ಅರ್ಧ ಗಂಟೆ ಜಾಸ್ತಿ ನೀರು ಬಿಟ್ಟ. ಅವನ ಕೈಯಲ್ಲಿ ಹಂಚುವುದಕ್ಕೆ ಇದ್ದದ್ದು ಅದೊಂದೇ. ಹೆಂಡತಿ ಪ್ರಮೋದಾ ತಾನು ಹೊಲಿಯುವ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ತನ್ನ ಲೈನಿನವರಿಗೆಲ್ಲ ಮೈಸೂರು ಪಾಕು ಕೊಟ್ಟಳು.

ಹದಿನೈದು ದಿನಕ್ಕೆ ಭಯ ಬಂತು. ಕೆಲಸದ ಆದೇಶ ಕೈಗೆ ಬರಬೇಕಾದರೆ ಜಾತಿ ಪ್ರಮಾಣ ಪತ್ರದ ಸಿಂಧುತ್ವ ಆಗಬೇಕು. ಅಂದರೆ, ಈ ಹುಡುಗಿ ನಿಜವಾಗಿಯೂ ಪರಿಶಿಷ್ಟ ಜಾತಿಯವಳೇ ಅಂತ ಕಂದಾಯದವರು ಮನೆಗೆ ಬಂದು, ನೋಡಿ, ಕೇಳಿ ಬರೆಯಬೇಕು. ಅದೇನೂ ಹೊಸದಲ್ಲ, ಎಲ್ಲರಿಗೂ ಇದ್ದದ್ದೇ. ಆದರೆ ಇವರ ಮೇಲೆ ಒಂದು ಮೂಗರ್ಜಿ ಹೋಗಿತ್ತು. ಬರೆದವರ ಹೆಸರಿಲ್ಲ, ಊರಿಲ್ಲ. 'ಸದರಿ ಕುಟುಂಬದವರು ಕ್ರೈಸ್ತ ಮತಕ್ಕೆ ಸೇರಿದ್ದು, ಮೀಸಲಾತಿಗೆ ಅರ್ಹರಲ್ಲ' ಅಂತ ಅದರಲ್ಲಿತ್ತಂತೆ. ಪಂಚಾಯಿತಿಯ ಬಿಲ್ ಕಲೆಕ್ಟರ್ ಇದನ್ನು ಆಂಜಿನಪ್ಪನ ಕಿವಿಯಲ್ಲಿ ಹೇಳಿ, "ನಿಮ್ಮಮ್ಮನ್ನ ಸ್ವಲ್ಪ ನೋಡ್ಕೊಳಪ್ಪ" ಅಂದ.

ಸದರಿ ಕುಟುಂಬದಲ್ಲಿ ಏಸುವನ್ನು ನಂಬಿದ್ದವಳು ಒಬ್ಬಳೇ, ಆಂಜಿನಪ್ಪನ ತಾಯಿ ಮುನಿತಾಯಮ್ಮ. ವಯಸ್ಸು ಅರವತ್ತೊಂಬತ್ತು.

ಅವಳು ಉಪದೇಶ ಕೇಳಿ ನಂಬಿದವಳಲ್ಲ. ಹನ್ನೊಂದು ವರ್ಷದ ಹಿಂದೆ ಅವಳ ಒಬ್ಬಳೇ ಮಗಳು ಹೆರಿಗೆಯಲ್ಲಿ ಹೋದಳು, ಮಗುವೂ ಉಳಿಯಲಿಲ್ಲ. ಮುನಿತಾಯಮ್ಮ ಗೋಡೆಗೆ ಮುಖ ಮಾಡಿ ಮಲಗಿದವಳು ಎಂಟು ತಿಂಗಳು ಏಳಲಿಲ್ಲ. ಕೂದಲು ಬಾಚದೆ ಗಂಟುಗಟ್ಟಿತು. ಬಂದ ನೆಂಟರೆಲ್ಲ ಹಣೆಬರಹ ಅಂದು, ಟೀ ಕುಡಿದು ಎದ್ದು ಹೋದರು. ಊರಾಚೆ ಶೀಟು ಹೊದಿಸಿದ ಪ್ರಾರ್ಥನಾ ಮಂದಿರವೊಂದಿದೆ. ಅಲ್ಲಿನ ಪಾಸ್ಟರ ಹೆಂಡತಿ ಭಾನುಪ್ರಿಯಾ ಒಂದು ಬೆಳಿಗ್ಗೆ ಕೊಬ್ಬರಿ ಎಣ್ಣೆ, ಬಾಚಣಿಗೆ ಹಿಡಿದು ಬಂದು ಹಾಸಿಗೆಯ ಪಕ್ಕ ಕೂತಳು. ಮಾತಾಡಲಿಲ್ಲ. ನಾಲ್ಕು ದಿನ ಬಂದು ಒಂದೊಂದೇ ಗಂಟು ಬಿಡಿಸಿದಳು. ನಾಲ್ಕನೆಯ ದಿನ ಮುನಿತಾಯಮ್ಮ ಅತ್ತಳು, ಐದನೆಯ ದಿನ ಎದ್ದು ಒಲೆ ಹಚ್ಚಿದಳು. ಆ ಮೇಲೆ ಪ್ರತಿ ಭಾನುವಾರ ಮಂದಿರಕ್ಕೆ ಹೋಗತೊಡಗಿದಳು. ಅರವತ್ತಕ್ಕೆ ಅಕ್ಷರ ಕಲಿತಳು, ಬೈಬಲ್ ಓದುವುದಕ್ಕೇ ಅಂತ. ಅದು ಬಿಟ್ಟು ಬೇರೇನನ್ನೂ ಅವಳು ಓದುತ್ತಿರಲಿಲ್ಲ, ಬಸ್ಸಿನ ಬೋರ್ಡನ್ನೂ ಪಕ್ಕದವರನ್ನೇ ಕೇಳುವಳು.

ಎದ್ದವಳಿಗೆ ಒಂದು ಕೆಲಸವೂ ಹತ್ತಿತು. ಹಾಸಿಗೆ ಹಿಡಿದ ಮುದುಕ ಮುದುಕಿಯರಿಗೆ ನೀರು ಹಾಕುವುದು, ಉಗುರು ತೆಗೆಯುವುದು, ಮಗ್ಗುಲು ಬದಲಿಸುವುದು. ಕಾಲೋನಿಯಲ್ಲಿ ಶುರುವಾದದ್ದು ಮೇಲಿನ ಬೀದಿಗೂ ಹೋಯಿತು. ಅಲ್ಲಿ ಅಕ್ಕಯಮ್ಮ ಅಂತ ಜಮೀನುದಾರರ ಮನೆಯ ಮುದುಕಿ, ಲಕ್ವ ಹೊಡೆದು ಮೂರು ವರ್ಷದಿಂದ ಮಲಗಿದ್ದಾಳೆ. ಒಂದು ಕಾಲದಲ್ಲಿ ಮುನಿತಾಯಮ್ಮ ಆ ಮನೆಯ ಅಂಗಳದಾಚೆ ನಿಂತು ಮೊರದಲ್ಲಿ ರಾಗಿ ಹಾಕಿಸಿಕೊಂಡು ಬರುತ್ತಿದ್ದಳು. ಈಗ ಹಿತ್ತಿಲ ಬಾಗಿಲಿಂದ ಒಳಗೇ ಹೋಗಿ ಅಕ್ಕಯಮ್ಮನನ್ನು ಎತ್ತಿ ಕೂರಿಸಿ ಬೆನ್ನು ತೊಳೆಯುತ್ತಿದ್ದಳು. ಮುಂಬಾಗಿಲು ಇನ್ನೂ ಇವಳಿಗೆ ತೆರೆದಿರಲಿಲ್ಲ, ಅದನ್ನು ಇವಳು ಕೇಳಿರಲೂ ಇಲ್ಲ. ಕಾಸು ಕೊಟ್ಟರೆ ಬೇಡ ಅನ್ನುವಳು, ಸೊಪ್ಪೋ ಅವರೆಕಾಯೋ ಕೊಟ್ಟರೆ ಸೆರಗಿಗೆ ಹಾಕಿಕೊಳ್ಳುವಳು. ಕಾಲು ಒರೆಸುವಾಗ ಮಾತ್ರ ತುಟಿ ಆಡುತ್ತಿತ್ತು: "ಅಪ್ಪಾ, ಈ ತಾಯಿ ನೋವು ಇಳಿಸು." ಅಷ್ಟೇ ಅವಳ ಪ್ರಾರ್ಥನೆ. ಮುಖದಲ್ಲಿ ಆಗ ಒಂದು ನೆಮ್ಮದಿ ಇರುತ್ತಿತ್ತು, ಹೊಟ್ಟೆ ತುಂಬಿದ ಹಸುವಿನ ಹಾಗೆ.

"ನಮ್ಮತ್ತೆ ಊರೋರ ಮೈಯೆಲ್ಲ ತೊಳೀತಾರೆ, ಮನೇಲಿ ಪಾತ್ರೆ ತೊಳಿಯೋರಿಲ್ಲ" ಅಂತ ಪ್ರಮೋದಾ ಗೊಣಗುತ್ತಿದ್ದಳು. ಅದು ನಿಜವೂ ಆಗಿತ್ತು.

ಮೂಗರ್ಜಿಯ ಸುದ್ದಿ ಬಂದ ದಿನ ಸಂಜೆ ಮುದ್ದೆ, ಅವರೆಕಾಳು ಸಾರು. ಆಂಜಿನಪ್ಪ ಎರಡು ತುತ್ತು ನುಂಗಿ ಕೈ ನಿಲ್ಲಿಸಿದ.

"ಇನ್ಮೇಲೆ ಭಾನುವಾರ ಮಂದಿರಕ್ಕೆ ಹೋಗೋದು ಬ್ಯಾಡಮ್ಮ."

"ಎಷ್ಟು ದಿನ?" ಮುನಿತಾಯಮ್ಮ ಕೇಳಿದಳು.

"ಅವರು ಬಂದು ಹೋಗೋ ಗಂಟ."

"ಯಾವಾಗ ಬರ್ತಾರೆ?"

"ಅದು ಗೊತ್ತಿದ್ದಿದ್ರೆ ನಾನ್ಯಾಕೆ ಹಿಂಗೆ ಒದ್ದಾಡ್ತಿದ್ದೆ."

ಸಂಘಮಿತ್ರ ತಟ್ಟೆ ಪಕ್ಕಕ್ಕಿಟ್ಟಳು. "ಅಪ್ಪಾ, ಅಜ್ಜಿ ನಂಬಿಕೆ ಅಜ್ಜಿದು. ನಾನು ಏನಾದ್ರೂ ಮತ ಬದಲಾಯಿಸಿದೀನಾ? ನೀನು ಬದಲಾಯಿಸಿದೀಯಾ? ಕಾನೂನಲ್ಲಿ ಹಂಗೆಲ್ಲ ಇಲ್ಲ."

"ಕಾನೂನು ನಿನ್ನ ಪುಸ್ತಕದಾಗೈತೆ," ಪ್ರಮೋದಾ ಸಾರು ಬಡಿಸುತ್ತ ಅಂದಳು, "ಬರಿಯೋ ಪೆನ್ನು ಅವರ ಕೈಲೈತೆ."

"ತಾತ ಇದ್ದಾಗ ಬುದ್ಧನ ಕಡೆ ಹೋಗಿ ನಂಗೆ ಈ ಬೌದ್ಧ ಹೆಸರಿಟ್ರು, ಯಾರೂ ಏನೂ ಅನ್ಲಿಲ್ಲ. ಅಜ್ಜಿ ಏಸು ಕಡೆ ಹೋದ್ರೆ ಮಾತ್ರ..."

"ಅದೇ ಕಣೇ. ಬುದ್ಧನ್ನ ನಂಬಿದ್ರೆ ಎಸ್ಸಿ ಉಳೀತದಂತೆ, ಏಸುನ ನಂಬಿದ್ರೆ ಹೋಗ್ತದಂತೆ. ಬಿಲ್ ಕಲೆಕ್ಟರೇ ಹೇಳ್ದ. ನಿಮ್ಮಜ್ಜಿ ನಂಬೋವಾಗ ಇದನ್ನ ಕೇಳ್ಕೊಂಡು ನಂಬಬೇಕಾಗಿತ್ತು," ಅಂದ ಆಂಜಿನಪ್ಪ.

ಮುನಿತಾಯಮ್ಮ ಮುದ್ದೆ ಮುರಿದಳು. "ಆಯ್ತು ಬಿಡಪ್ಪ. ಭಾನುವಾರ ಹೋಗಲ್ಲ."

"ಅಕ್ಕಯಮ್ಮನ ಮನೆಗೂ ಬ್ಯಾಡ. ಅಲ್ಲಿ ನೀನು ಬಾಯಲ್ಲಿ ಮಣಮಣ ಅನ್ನೋದು ಊರಿಗೆಲ್ಲ ಗೊತ್ತು."

"ಬಾಯಿ ಮುಚ್ಕೊಂಡೇ ನೀರು ಹಾಕ್ತೀನಿ ಕಣೋ. ಹೋಗದಿದ್ರೆ ಆಯಮ್ಮನ ಮಗ್ಗುಲು ಬದಲಾಯಿಸೋರಿಲ್ಲ."

"ಬ್ಯಾಡ ಅಂದ್ರೆ ಬ್ಯಾಡಮ್ಮ. ಅವರ ಮನೇಲಿ ಮಗ ಸೊಸೆ ಅವ್ರೆ."

ಮರುದಿನ ಪ್ರಮೋದಾ ಬೈಬಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾಗಿ ಡ್ರಮ್ಮಿನೊಳಗೆ ಹೂತಿಟ್ಟಳು.

ಅಲ್ಲಿಂದ ಮೂರು ವಾರ ಮುನಿತಾಯಮ್ಮ ಮನೆಯ ಪಾತ್ರೆಯನ್ನೆಲ್ಲ ಬೆಳಗಿದಳು, ಅವರೆಕಾಯಿ ಸುಲಿದಳು, ಹಿತುಕಿದಳು. ಸೊಸೆ ಫ್ಯಾಕ್ಟರಿ ಬಸ್ಸಿಗೆ ಹೋಗುವ ಮೊದಲೇ ಚಿತ್ರಾನ್ನ ಡಬ್ಬಿಗೆ ತುಂಬಿರುತ್ತಿತ್ತು. ಹನ್ನೊಂದು ವರ್ಷದಿಂದ ಬಯಸಿದ್ದ ಅತ್ತೆ ಕೊನೆಗೂ ಸಿಕ್ಕಿದಳು ಅಂತ ಪ್ರಮೋದಾಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಮುದುಕಿ ಕೆಲಸ ಮುಗಿದ ಮೇಲೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಅದನ್ನು ಕಂಡರೆ ಪ್ರಮೋದಾಗೆ ಹಳೆಯ ಎಂಟು ತಿಂಗಳು ನೆನಪಾಗುತ್ತಿತ್ತು. ಆದರೆ ಮಗಳ ಕೆಲಸ ಅಂದ ಕೂಡಲೇ ಆ ನೆನಪನ್ನು ಪಕ್ಕಕ್ಕೆ ತಳ್ಳುವಳು.

ನಾಲ್ಕನೆಯ ವಾರ ಅಕ್ಕಯಮ್ಮನ ಮಗ ಹರಿಪ್ರಸಾದ್ ಬೈಕು ತಂದು ಕಾಲೋನಿಯಲ್ಲಿ ನಿಲ್ಲಿಸಿದ. ಏರ್‌ಪೋರ್ಟಿನಲ್ಲಿ ಕೆಲಸ, ಕಾಲೋನಿಗೆ ಕಾಲಿಟ್ಟದ್ದು ಓಟಿನ ಸಮಯ ಬಿಟ್ಟರೆ ಇದೇ ಮೊದಲು.

"ಮುನಿತಾಯಮ್ಮ ಇಲ್ವಾ? ಅಮ್ಮಂಗೆ ಬೆನ್ನೆಲ್ಲ ಹುಣ್ಣಾಗಿದೆ. ಹೋಂ ನರ್ಸ್ ಇಟ್ಟಿದ್ದೆ, ಎರಡೇ ದಿನಕ್ಕೆ ಬಿಟ್ಟು ಹೋದ್ಲು. ಅಮ್ಮ ಬೇರೆ ಯಾರ ಕೈಲೂ ಮುಟ್ಟಿಸ್ಕೊಳ್ಳಲ್ಲ ಅಂತಾಳೆ."

"ಅಮ್ಮಂಗೆ ಹುಷಾರಿಲ್ಲ ಸಾರ್," ಅಂದ ಆಂಜಿನಪ್ಪ, ಬಾಗಿಲಿಗೆ ಅಡ್ಡ ನಿಂತು. "ಡಾಕ್ಟ್ರು ಓಡಾಡಬಾರ್ದು ಅಂದವ್ರೆ."

ಹರಿಪ್ರಸಾದ್ ಹೋದ ಮೇಲೆ ಮುನಿತಾಯಮ್ಮ ಒಳಗಿಂದ ಬಂದಳು. ಕೈಯೆಲ್ಲ ಅವರೆ ಸಿಪ್ಪೆ.

"ಆ ಹುಣ್ಣಿಗೆ ನಾನೇ ಕಾರಣ ಕಣೋ."

"ಲಕ್ವಕ್ಕೂ ನೀನೇ ಕಾರಣವಾ? ಸುಳ್ಳು ಹೇಳ್ದೋನು ನಾನು. ಪಾಪ ಬಂದ್ರೆ ನಂಗೆ ಬರ್ಲಿ, ನೀನು ಸುಮ್ಕಿರು."

"ಪಾಪ ಹಂಗೆ ಪಾಲು ಮಾಡಕ್ಕಾಗಲ್ಲಪ್ಪ," ಅಂದು ಅವಳು ಒಳಗೆ ಹೋದಳು. ಆ ದಿನ ಅವಳು ಊಟ ಮಾಡಲಿಲ್ಲ, ಯಾರೂ ಒತ್ತಾಯ ಮಾಡಲೂ ಇಲ್ಲ.

ಕಂದಾಯದವರು ಗುರುವಾರ ಬರುತ್ತಾರೆ ಅಂತ ಖಚಿತವಾದದ್ದು ಅದೇ ವಾರ. ಮನೆಯಲ್ಲಿ ತಯಾರಿ ಶುರುವಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವ ಹಾಗೆ, ಗಂಡ ಹೆಂಡತಿ ಹೊಸಕೋಟೆಗೆ ಹೋಗಿ ಸಿಮೆಂಟಿನ ತುಳಸಿ ಕಟ್ಟೆ ತಂದರು, ಕೆಂಪು ಬಿಳಿ ಬಣ್ಣದ್ದು. ಸತ್ಯನಾರಾಯಣ ಸ್ವಾಮಿಯ ದೊಡ್ಡ ಪಟ ತಂದು ಬಾಬಾಸಾಹೇಬರ ಪಟದ ಪಕ್ಕ ಮೊಳೆ ಹೊಡೆದರು. ಆ ಕಾಲೋನಿಯಲ್ಲಿ ಯಾರ ಮನೆಯಲ್ಲೂ ತುಳಸಿ ಕಟ್ಟೆ ಇರಲಿಲ್ಲ. ಧಾರಾವಾಹಿ ನೋಡಿ ಪ್ರಮೋದಾ ಹಿಂದೂ ಮನೆ ಅಂದರೆ ಹಾಗಿರುತ್ತದೆ ಅಂದುಕೊಂಡಿದ್ದಳು.

"ಇದೆಲ್ಲ ಯಾಕಮ್ಮ, ನಗ್ತಾರೆ," ಅಂದಳು ಸಂಘಮಿತ್ರ.

"ನಕ್ರೆ ನಗ್ಲಿ, ಬರ್ಕೊಂಡು ಹೋದ್ರೆ ಸಾಕು."

ಬುಧವಾರ ಬೆಳಿಗ್ಗೆ ಆಂಜಿನಪ್ಪ ತಾಯಿಯ ಸೀರೆ ಎರಡನ್ನು ಬ್ಯಾಗಿಗೆ ತುಂಬಿದ.

"ಅನುಗೊಂಡನಹಳ್ಳಿಗೆ ಹೋಗಿ ಚಿಕ್ಕಮ್ಮನ ಮನೇಲಿ ಎರಡು ದಿನ ಇದ್ದು ಬಾಮ್ಮ. ಅವರು ಬಂದಾಗ ನೀನು ಇಲ್ದಿದ್ರೆ ಕೇಳೋದೂ ಇಲ್ಲ, ನೀನು ಹೇಳೋದೂ ಇಲ್ಲ."

"ನನ್ನ ಕಂಡ್ರೆ ನಾಚಿಕೆ ಆಗ್ತದೇನಪ್ಪ?"

"ನಾಚಿಕೆ ಅಲ್ಲಮ್ಮ, ಹೆದರಿಕೆ. ಕೇಳಿದ್ರೆ ನೀನು ಹೌದು ಅಂದ್ಬಿಡ್ತೀಯ."

ಅವಳು ಇಲ್ಲ ಅನ್ನಲಿಲ್ಲ. ಬ್ಯಾಗು ತಗೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

ಗುರುವಾರ ಹನ್ನೊಂದಕ್ಕೆ ರೆವಿನ್ಯೂ ಇನ್‌ಸ್ಪೆಕ್ಟರ್ ನಂದೀಶ್ ಬಂದರು. ನಲವತ್ತರ ಆಸುಪಾಸಿನ ಮನುಷ್ಯ, ಮೆತ್ತಗೆ ಮಾತು. ಅಂಗಳದಲ್ಲಿ ತುಳಸಿ ಕಟ್ಟೆ ನೋಡಿ ನಿಂತರು. ಅದರ ಬುಡದಲ್ಲಿ ಅಂಗಡಿಯವನು ಸೀಮೆಸುಣ್ಣದಲ್ಲಿ ಬರೆದ ಬೆಲೆ ಹಾಗೇ ಇತ್ತು.

"ಇದು ಯಾವಾಗ ತಂದ್ರಿ?"

"ಮೊದಲಿಂದ್ಲೂ ಐತೆ ಸಾರ್."

"ನಾನೂ ಇಂಥದೇ ಕಾಲೋನೀಲಿ ಬೆಳೆದೋನು ಆಂಜಿನಪ್ಪ. ನಮ್ಮ ಮನೆಗಳಲ್ಲಿ ಯಾರು ಇಡ್ತಾರೆ ಇದನ್ನ?" ಅವರು ನಗಲಿಲ್ಲ, ಗದರಲೂ ಇಲ್ಲ. ಜಗಲಿಯ ಮೇಲೆ ಕೂತು ಫೈಲು ಬಿಚ್ಚಿದರು. "ನಿಮ್ಮ ಶಾಲೆ ದಾಖಲೆಯಲ್ಲಿ ಹಿಂದೂ ಅಂತ ಬರೆದು ಜಾತಿ ಜಾಗ ಖಾಲಿ ಬಿಟ್ಟಿದಾರೆ. ನಿಮ್ಮಪ್ಪ ಶಾಲೆಗೇ ಹೋಗಿಲ್ಲ. ಹಂಗಾಗಿ ಬಾಯಿಮಾತಲ್ಲೇ ಕೇಳ್ಬೇಕು. ನಿಮ್ಮ ಬೆಡಗು ಯಾವುದು?"

ಆಂಜಿನಪ್ಪ ಹೆಂಡತಿಯ ಮುಖ ನೋಡಿದ. "ಬೆಡಗು... ಅಮ್ಮಂಗೆ ಗೊತ್ತು ಸಾರ್."

"ಮನೆದೇವರು?"

"ಸತ್ಯನಾರಾಯಣ ಸ್ವಾಮಿ," ಅಂದಳು ಪ್ರಮೋದಾ ಗಡಿಬಿಡಿಯಲ್ಲಿ.

ನಂದೀಶ್ ಪೆನ್ನು ಕೆಳಗಿಟ್ಟರು. "ನಿಮ್ಮ ತಾತ ಊರಲ್ಲಿ ಏನು ಕೆಲಸ ಮಾಡ್ತಿದ್ರು? ಮದುವೇಲಿ ಏನು ಶಾಸ್ತ್ರ ಮಾಡ್ತೀರಿ? ಇದನ್ನಾದ್ರೂ ಹೇಳಿ."

ಮದುವೆಯನ್ನು ಛತ್ರದಲ್ಲಿ ಮಾಡಿಕೊಂಡವರು ಏನು ಹೇಳಿಯಾರು? ಆಂಜಿನಪ್ಪನಿಗೆ ಊರಿನ ಎಲ್ಲ ವಾಲ್ವೂ ಗೊತ್ತು, ತನ್ನ ತಾತನ ಹೆಸರು ಗೊತ್ತಿರಲಿಲ್ಲ. ಅದನ್ನೆಲ್ಲ ಬಲ್ಲವಳು ಮನೆಯಲ್ಲಿ ಒಬ್ಬಳೇ, ಅವಳನ್ನು ಇವರೇ ಬಸ್ಸು ಹತ್ತಿಸಿದ್ದರು.

"ನೋಡಿ, ನೆರೆಯವರು ನೀವು ಪರಿಶಿಷ್ಟ ಜಾತಿಯವರೇ ಅಂತ ಸಹಿ ಹಾಕಿದಾರೆ. ಅರ್ಜೀಲಿರೋದು ಮತದ ವಿಷಯ, ಅದೂ ನಿಮ್ಮ ತಾಯಿ ವಿಷಯ. ಅವರನ್ನ ಬಚ್ಚಿಟ್ರೆ ನಾನು ಏನಂತ ಬರೀಲಿ? ಪಕ್ಕದೂರಲ್ಲಿ ಇನ್ನೊಂದು ಮಹಜರಿದೆ. ನಾಲ್ಕು ಗಂಟೆಗೆ ಇದೇ ದಾರೀಲಿ ವಾಪಸ್ ಬರ್ತೀನಿ. ಕರೆಸಿ."

ಅವರು ಹೋದದ್ದೇ ಸಂಘಮಿತ್ರ ಸ್ಕೂಟರಿನ ಕೀ ತಗೊಂಡಳು.

ಅನುಗೊಂಡನಹಳ್ಳಿಯಲ್ಲಿ ಮುನಿತಾಯಮ್ಮ ತಂಗಿಯ ಮನೆಯ ಹಿತ್ತಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ಮೊಮ್ಮಗಳನ್ನು ಕಂಡು ಏನೂ ಕೇಳದೆ ಕೈ ತೊಳೆದು ಬಂದು ಹಿಂದೆ ಕೂತಳು. ಹೊಸಕೋಟೆ ದಾಟಿ ಲಾರಿಗಳ ಧೂಳು ಕಡಿಮೆಯಾದ ಮೇಲೆ ಸಂಘಮಿತ್ರ ಗಾಡಿ ನಿಧಾನ ಮಾಡಿದಳು.

"ಅಜ್ಜಿ."

"ಹೇಳು ಮಗ."

"ಅವರು ಕೇಳ್ತಾರೆ."

"ಕೇಳ್ಲಿ."

"ಇಲ್ಲ ಅಂತ ಹೇಳ್ಬೇಕು."

ಸ್ವಲ್ಪ ದೂರ ಹೋದ ಮೇಲೆ ಮುನಿತಾಯಮ್ಮ ಅಂದಳು, "ನೀನೇ ಅಂದಿದ್ದಲ್ಲ, ಅಜ್ಜಿ ನಂಬಿಕೆ ಅಜ್ಜಿದು ಅಂತ."

"ಅಂದಿದ್ದೆ. ಆಗ ಇಷ್ಟು ಹತ್ರ ಬಂದಿರ್ಲಿಲ್ಲ ಅಜ್ಜಿ. ನಂಗೆ ಇನ್ನೊಂದು ಸಲ ಓದೋ ಶಕ್ತಿ ಇಲ್ಲ. ಒಂದು ಮಾತು. ಒಂದೇ ಸಲ."

ಕೇಳಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಆದರೆ ಮಾತನ್ನು ವಾಪಸ್ ತಗೊಳ್ಳಲಿಲ್ಲ. ಮುನಿತಾಯಮ್ಮ ಮೊಮ್ಮಗಳ ಸೊಂಟ ಹಿಡಿದಿದ್ದ ಕೈಯನ್ನು ಊರು ಬರುವ ತನಕ ತೆಗೆಯಲಿಲ್ಲ.

ನಾಲ್ಕು ಗಂಟೆಗೆ ನಂದೀಶ್ ಮತ್ತೆ ಜಗಲಿಯ ಮೇಲೆ ಕೂತರು. ಮುನಿತಾಯಮ್ಮ ಕೆಳಗೆ ನೆಲದ ಮೇಲೆ ಕೂತಳು. ಮೇಲೆ ಕೂರಿ ಅಜ್ಜಿ ಅಂದರೂ ಏಳಲಿಲ್ಲ.

"ಬೆಡಗು ಯಾವುದಜ್ಜಿ?"

"ಅತ್ತಿ ಬೆಡಗಿನೋರು ಸ್ವಾಮಿ. ಅತ್ತಿ ಮರ ಕಡಿಯಂಗಿಲ್ಲ, ಅತ್ತಿ ಸೌದೆ ಒಲೆಗೆ ಇಕ್ಕಂಗಿಲ್ಲ. ಅದೇ ಬೆಡಗಿನೋರು ಅಣ್ಣತಮ್ಮಂದಿರು, ಹೆಣ್ಣು ತರಂಗಿಲ್ಲ."

"ಮನೆದೇವರು?"

"ಸಪ್ಪಲಮ್ಮ. ವರ್ಷಕ್ಕೊಂದ್ಸಲ ಮೊಸರನ್ನ, ತಂಬಿಟ್ಟು. ನಮ್ಮತ್ತೆ ಕಾಲದಲ್ಲಿ ಕೋಳಿ ಇತ್ತು."

"ನಿಮ್ಮ ಮಾವನೋರು?"

"ಊರ ತೋಟಿ. ಮೇಲಿನ ಬೀದೀಲಿ ಯಾರು ಸತ್ರೂ ಸುದ್ದಿ ಹೇಳಕ್ಕೆ ಅವರೇ ಹೋಗ್ಬೇಕು, ನಡ್ಕೊಂಡು. ಒಂದ್ಸಲ ನಲ್ಲೂರು ಹುಣಸೆ ತೋಪಿನ ಗಂಟ ಹೋಗಿ, ಅಲ್ಲಿ ನೆಂಟರು ನೀರೂ ಕೊಡ್ದೆ ಕಳಿಸಿ, ವಾಪಸ್ ಬರೋ ಅಷ್ಟೊತ್ತಿಗೆ ಇಲ್ಲಿ ಮಣ್ಣಾಗೋಗಿತ್ತಂತೆ. ಸುಗ್ಗೀಲಿ ಕಣದ ಅಂಚಲ್ಲಿ ನಿಂತ್ರೆ ಮೊರ ರಾಗಿ ಕೊಡೋರು."

ಅವಳು ಹೇಳುತ್ತಲೇ ಹೋದಳು. ಮದುವೆಯಲ್ಲಿ ಕುಂಬಾರರ ಮನೆಯಿಂದ ಮಡಕೆ ತರುವುದು, ಅದಕ್ಕೆ ಯಾರು ಹೆಗಲು ಕೊಡಬೇಕು, ಸತ್ತರೆ ಯಾರು ಗುಂಡಿ ತೋಡಬೇಕು. ಆಂಜಿನಪ್ಪ ತನ್ನ ತಾತನ ಹೆಸರನ್ನು ಮೊದಲ ಸಲ ಕೇಳಿದ, ಹನುಮಯ್ಯ ಅಂತೆ. ನಂದೀಶ್ ಬರೆದುಕೊಳ್ಳುವುದನ್ನು ಬಿಟ್ಟು ಕೇಳುತ್ತಿದ್ದರು. ಅಷ್ಟೂ ನಿಜ, ಒಂದು ಅಕ್ಷರ ಸುಳ್ಳಿರಲಿಲ್ಲ. ಅಲ್ಲಿಗೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

"ಅಜ್ಜಿ, ಜಾತಿ ವಿಷಯ ಮುಗೀತು. ಆದ್ರೆ ಅರ್ಜಿ ಬಂದಿರೋದ್ರಿಂದ ಇದನ್ನ ಕೇಳಲೇಬೇಕು, ಬೇಜಾರು ಮಾಡ್ಕೋಬೇಡಿ. ನೀವು ಕ್ರೈಸ್ತ ಧರ್ಮಕ್ಕೆ ಸೇರಿದೀರಾ?"

ಸಂಘಮಿತ್ರ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುನಿತಾಯಮ್ಮ ಅವಳ ಕಡೆ ನೋಡಲಿಲ್ಲ.

"ಇಲ್ಲ."

"ಮಂದಿರಕ್ಕೆ ಹೋಗ್ತೀರಂತೆ?"

"ಕಾಲುನೋವಿಗೆ ಎಣ್ಣೆ ಕೊಡ್ತಾರೆ ಅಂತ ಹೋಗ್ತಿದ್ದೆ."

"ಹಾಗಾದ್ರೆ ಏಸು ಕ್ರಿಸ್ತನ ಮೇಲೆ ನಂಬಿಕೆ..."

"ಅವನ್ಯಾರೋ ನಂಗೇನು ಗೊತ್ತು ಸ್ವಾಮಿ."

ನಂದೀಶ್ ತಲೆ ತಗ್ಗಿಸಿ ಬರೆದರು. ಬರೆದದ್ದನ್ನು ಓದಿ ಹೇಳಿದರು: ನಾನು ಹುಟ್ಟಿನಿಂದ ಹಿಂದೂ, ಬೇರೆ ಯಾವ ಮತಕ್ಕೂ ಸೇರಿರುವುದಿಲ್ಲ, ಈ ಹೇಳಿಕೆಯನ್ನು ಸ್ವಇಚ್ಛೆಯಿಂದ ನೀಡಿರುತ್ತೇನೆ.

"ಸಹಿ ಬರುತ್ತಾ ಅಜ್ಜಿ?"

ಆಂಜಿನಪ್ಪ "ಬರುತ್ತೆ ಸಾರ್" ಅನ್ನುವಷ್ಟರಲ್ಲಿ ಅವಳು "ಇಲ್ಲ, ಹೆಬ್ಬೆಟ್ಟು" ಅಂದು ಎಡಗೈ ಮುಂದೆ ಚಾಚಿದಳು. ಯಾವ ಹೆಸರು ಓದುವುದಕ್ಕೆ ಆ ಅಕ್ಷರಗಳನ್ನು ಕಲಿತಿದ್ದಳೋ ಆ ಹೆಸರನ್ನು ಇಲ್ಲವೆನ್ನುವ ಕಾಗದದ ಮೇಲೆ ಅವನ್ನು ಇಳಿಸುವುದಕ್ಕೆ ಅವಳಿಂದ ಆಗಲಿಲ್ಲ. ಮಸಿ ಒರೆಸಿಕೊಳ್ಳಲು ಪ್ರಮೋದಾ ಬಟ್ಟೆ ಕೊಟ್ಟಳು. ಅವಳು ಅದನ್ನು ತಗೊಳ್ಳದೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದಳು.

ಇಪ್ಪತ್ತೆರಡು ದಿನಕ್ಕೆ ಸಿಂಧುತ್ವ ಬಂತು, ಮುಂದಿನ ತಿಂಗಳು ಆದೇಶವೂ ಬಂತು. ಮನೆಯಲ್ಲಿ ನಾಟಿ ಕೋಳಿ ಸಾರು. ತುಳಸಿ ಕಟ್ಟೆಯನ್ನು ನೆರೆಮನೆಯವರು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಕೆಟ್ ಇಡುವುದಕ್ಕೆ ಕೇಳಿ ತಗೊಂಡು ಹೋದರು. ಪ್ರಮೋದಾ ರಾಗಿ ಡ್ರಮ್ಮಿನಿಂದ ಬೈಬಲ್ ತೆಗೆದು, ಕವರು ಬಿಚ್ಚಿ, ಒರೆಸಿ, ಅತ್ತೆಯ ದಿಂಬಿನ ಪಕ್ಕ ಇಟ್ಟಳು.

"ಇನ್ನು ಹೋಗ್ಬನ್ನಿ ಅತ್ತೆ. ಪಾತ್ರೆ ನಾನು ನೋಡ್ಕೊತೀನಿ."

ಮುನಿತಾಯಮ್ಮ ಪುಸ್ತಕ ತೆರೆದು ನೋಡಿದಳು. ಅಕ್ಷರ ಕಾಣುತ್ತಿದ್ದವು, ಸಾಲು ಮುಂದಕ್ಕೆ ಹೋಗುತ್ತಿರಲಿಲ್ಲ. ಮುಚ್ಚಿಟ್ಟಳು. ಭಾನುವಾರ ಬಂತು, ಮಂದಿರಕ್ಕೆ ಹೋಗಲಿಲ್ಲ. ಅಕ್ಕಯಮ್ಮನ ಮನೆಗೆ ಮಾತ್ರ ಹೋದಳು. ಬೆನ್ನಿನ ಹುಣ್ಣು ಅಂಗೈ ಅಗಲ ಆಗಿತ್ತು, ವಾಸನೆ ಹೊಡೆಯುತ್ತಿತ್ತು. ಉಪ್ಪುನೀರು ಕಾಯಿಸಿ ತೊಳೆದಳು. ಅಕ್ಕಯಮ್ಮ ತೊದಲುತ್ತ, "ಯಾಕೆ ಮುನಿತಾಯಿ, ತುಟಿ ಆಡ್ತಿಲ್ಲ?" ಅಂತ ಕೇಳಿದಳು. "ಬಾಯಿ ಒಣಗೈತೆ ಕಣಮ್ಮ" ಅಂದಳು ಇವಳು. ಕೈ ಹಳೆಯ ಹಾಗೇ ಕೆಲಸ ಮಾಡಿತು. ಆದರೆ ಆ ಕೆಲಸ ಮುಗಿಸಿ ಬರುವಾಗ ಮೊದಲು ಇರುತ್ತಿದ್ದ ಹಗುರ ಇರಲಿಲ್ಲ. ಎರಡು ಭಾನುವಾರ ಹೀಗೇ ಹೋಯಿತು.

ಮೂರನೆಯ ಭಾನುವಾರ ಮಧ್ಯಾಹ್ನ ಭಾನುಪ್ರಿಯಾ ತಾನೇ ಬಂದಳು. ನಾಳೆ ಸಂಘಮಿತ್ರ ಕೆಲಸಕ್ಕೆ ಹಾಜರಾಗುವ ದಿನ. ಅಂಗಳದ ಬೇಲಿಯ ಮೇಲೆ ಅವಳ ಹೊಸ ಚೂಡಿದಾರ್ ಒಗೆದು ಹಾಕಿತ್ತು. ಸಂಘಮಿತ್ರ ಕಾಫಿ ತಂದು ಕೊಟ್ಟು, ಒಳಗೆ ಹೋಗಲಾರದೆ ಅಲ್ಲೇ ನಿಂತಳು.

"ಎಲ್ಲ ಕೇಳ್ದೆ ಅಮ್ಮ," ಭಾನುಪ್ರಿಯಾ ಮುನಿತಾಯಮ್ಮನ ಕೈ ಹಿಡಿದಳು. "ಅದಕ್ಕೆ ಮಂದಿರ ಬಿಡ್ತಾರಾ? ಏಸು ಸ್ವಾಮಿ ಶಿಷ್ಯ, ಪೇತ್ರನಂಥ ಪೇತ್ರನೇ ಮೂರು ಸಲ ಅವರನ್ನ ಅರಿಯೆ ಅಂದ. ಆಮೇಲೆ ಅತ್ತ. ಸ್ವಾಮಿ ಅವನನ್ನ ಬಿಟ್ರಾ?"

"ಓದಿದೀನಿ ಕಣಮ್ಮ. ನಾನೂ ಮೂರೇ ಸಲ ಅಂದೆ, ಎಣಿಸ್ಕೊಂಡೆ. ಅವನಿಗೆ ಅಳು ಬಂತು, ನಂಗೆ ಬರ್ತಿಲ್ಲ."

"ಅಳು ಬರ್ದಿದ್ರೂ ಪರ್ವಾಗಿಲ್ಲ. ತಪ್ಪಾಯ್ತು ಸ್ವಾಮಿ ಅನ್ನಿ. ಅಷ್ಟೇ ಸಾಕು. ನಾನೂ ಜೊತೇಲಿ ಅಂತೀನಿ."

"ಅದೇ ಬರ್ತಿಲ್ಲ." ಮುನಿತಾಯಮ್ಮ ಕೈ ಬಿಡಿಸಿಕೊಂಡಳು. "ತಪ್ಪಾಯ್ತು ಅನ್ಬೇಕಾದ್ರೆ ಇನ್ನೊಂದು ಸಲ ಮಾಡಲ್ಲ ಅನ್ಬೇಕಲ್ವಾ? ಅವನ ಹತ್ರ ಸುಳ್ಳು ಹೇಳಕ್ಕಾಗ್ತದಾ? ನಾಳೆ ಆ ಸಾಹೇಬ್ರು ಬಂದು ಮತ್ತೆ ಕೇಳಿದ್ರೂ, ಇಲ್ಲ ಅಂತಲೇ ಅಂತೀನಿ. ಈ ಮಗ ಇಲ್ಲೇ ನಿಂತದಲ್ಲ."

ಹನ್ನೊಂದು ವರ್ಷದ ಹಿಂದೆ ಮಾತಿಲ್ಲದೆ ಕೂತು ಎಬ್ಬಿಸಿದ ಭಾನುಪ್ರಿಯಾ ಈಗಲೂ ಮಾತಿಲ್ಲದೆ ಕೂತಿದ್ದಳು. ಈ ಸಲ ಮುದುಕಿ ಏಳಲಿಲ್ಲ. ಲೋಟದಲ್ಲಿ ಕಾಫಿ ಆರಿತು.

"ಅಜ್ಜಿ, ನಾನು ಕೆಲಸಕ್ಕೆ ಹೋಗಲ್ಲ," ಅಂದಳು ಸಂಘಮಿತ್ರ. ಅವಳ ದನಿ ಅವಳಿಗೇ ನಂಬಿಕೆ ಹುಟ್ಟಿಸುವಂತಿರಲಿಲ್ಲ.

"ಹೋಗ್ತೀಯ ಕಣವ್ವ," ಅಂದಳು ಮುನಿತಾಯಮ್ಮ, ಸಿಟ್ಟಿಲ್ಲದೆ. "ಇನ್ನು ಹೋಗದಿದ್ರೆ ನಂಗೆ ಅವನೂ ಇಲ್ಲ, ನಿನ್ನ ಕೆಲಸಾನೂ ಇಲ್ಲ. ಚೂಡಿದಾರ್ ಒಣಗಿತೇನೋ ನೋಡು, ಇಸ್ತ್ರಿ ಮಾಡ್ಬೇಕು."

ಸಂಘಮಿತ್ರ ಬೇಲಿಯ ಹತ್ತಿರ ಹೋಗಿ ಬಟ್ಟೆ ಮುಟ್ಟಿ ನೋಡಿದಳು. ಒಣಗಿತ್ತು.